ಕಾರ್ ತಗೊಂಡು ಬಾ ಚಿಕ್ಕಮ್ಮ

‘ಶನಿವಾರ ಮಂಡ್ಯದಲ್ಲಿ ಕಾಲೇಜ್ ಫೆಸ್ಟು. ನಮ್ದು ಪೂಜಾ ಕುಣಿತ. ನೀನು ಬರ್ಲೇಬೇಕು ಚಿಕ್ಕಮ್ಮ’ ಅಂತ ಅಕ್ಕನ ಮಗಳ ಮೆಸೇಜ್ ಬಂದಾಗ ಒಳಗೊಳಗೇ ಬೀಗಿದೆ. ಎರಡು ನಿಮಿಷ ಬಿಟ್ಟು ಇನ್ನೊಂದು ಬಂತು: ‘ಬಸ್ಸಲ್ಲಿ ಬರ್ಬೇಡ. ಕಾರ್ ತಗೊಂಡು ಬಾ.’ ಅವಳು ಕರೆದಿದ್ದು ನನ್ನನ್ನಲ್ಲ, ನನ್ನ ಕಾರನ್ನು!

ಮಳವಳ್ಳಿಗೆ ರೈಲಿಲ್ಲ. ಬೆಂಗಳೂರು–ಮೈಸೂರು ರೈಲು ಮದ್ದೂರು, ಮಂಡ್ಯ ಮುಟ್ಟಿಕೊಂಡು ಹಾಗೇ ಹೋಗಿಬಿಡುತ್ತೆ. ನಮ್ಮೂರು ಮಳವಳ್ಳಿಯಿಂದಲೂ ಇನ್ನೂ ಒಳಗೆ. ಮಂಡ್ಯಕ್ಕೆ ಓದೋಕೆ ಹೋಗಿಬರುತ್ತಿದ್ದ ನಮ್ಮಂಥ ಹುಡುಗಿಯರಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ: ಕೊನೆ ಬಸ್ಸು ಎಷ್ಟೊತ್ತಿಗೆ?

2014ರಲ್ಲಿ ನಾನು ಎಂಜಿನಿಯರಿಂಗ್ ಮೂರನೇ ವರ್ಷ. ಆ ಸಲ ಫೆಸ್ಟ್‌ಗೆ ಪೂಜಾ ಕುಣಿತ ಮಾಡೋಣ ಅಂತ ಹಟ ಹಿಡಿದವಳು ನಾನೇ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳ್ತೀನಿ. ಬಿದಿರಿನ ಚೌಕಟ್ಟಿಗೆ ಬಣ್ಣದ ಸೀರೆ ಸುತ್ತಿ, ನಡುವೆ ದೇವಿಯ ಮುಖ ಇಟ್ಟು ಅಲಂಕಾರ ಮಾಡಿರ್ತಾರೆ. ಅದೇ ‘ಪೂಜೆ’. ಅದನ್ನ ತಲೆ ಮೇಲೆ ನಿಲ್ಲಿಸಿಕೊಂಡು, ಕೈ ಬಿಟ್ಟು, ತಮಟೆ ಏಟಿಗೆ ಕುಣಿಯಬೇಕು. ನೋಡೋರ ಕಣ್ಣು ಕಾಲಿನ ಮೇಲಿರುತ್ತೆ, ಆದರೆ ಕೆಲಸವೆಲ್ಲ ಕತ್ತಿನದು. ನಮ್ಮೂರ ಹಬ್ಬದಲ್ಲಿ ಪೂಜೆ ಹೊರೋದು ಗಂಡಸರು. ‘ಹೆಣ್ಮಕ್ಕಳು ಪೂಜೆ ಹೊತ್ಕಂಡು ಕುಣಿಯದಾ? ಎಲ್ಲಾರೂ ಉಂಟಾ?’ ಅಂದಿದ್ದಳು ಅವ್ವ. ಅಪ್ಪ ಮಾತ್ರ ‘ಕತ್ತು ಉಳುಕೀತು, ಹುಷಾರು ಕನವ್ವ’ ಅಂದು ಸುಮ್ಮನಾಗಿದ್ದರು.

ನಮ್ಮ ಸರದಿ ಸಂಜೆ ನಾಲ್ಕಕ್ಕೆ ಇತ್ತು. ಉದ್ಘಾಟನೆಯೇ ತಡ. ಅತಿಥಿಗಳ ಭಾಷಣ, ಸನ್ಮಾನ, ಶಾಲು, ಹಾರ, ಮತ್ತೆ ಭಾಷಣ. ನಾಲ್ಕು ಹೋಗಿ ಆರಾಯ್ತು, ಆರು ಹೋಗಿ ಏಳಾಯ್ತು. ನಮ್ಮೂರ ಕೊನೆ ಬಸ್ಸು ಏಳೂಕಾಲಿಗೆ. ಮುಖಕ್ಕೆ ಬಣ್ಣ ಹಚ್ಚಿಕೊಂಡೇ ನಾವು ಮೂವರು ಬ್ಯಾಗ್ ಎತ್ತಿಕೊಂಡೆವು. ಮೇಷ್ಟ್ರೊಬ್ಬರು ಹಿಂದಿನಿಂದ, ‘ಹಳ್ಳಿ ಹುಡುಗೀರನ್ನ ಟೀಮಿಗೆ ಹಾಕ್ಕೋಬೇಡಿ ಅಂತ ಅದಕ್ಕೇ ಹೇಳೋದು’ ಅಂದರು. ನಮಗೆ ಕೇಳಿಸಲಿ ಅಂತ ಹೇಳಿದ್ದಲ್ಲ. ಕೇಳಿಸಿತು.

ಬಸ್ಸಲ್ಲಿ ದುಪಟ್ಟಾದಿಂದ ಬಣ್ಣ ಒರೆಸಿಕೊಂಡೆ. ಊರ ಗೇಟಲ್ಲಿ ಬ್ಯಾಟರಿ ಹಿಡಿದು ನಿಂತಿದ್ದ ಅಪ್ಪ ‘ಎಂಗಾಯ್ತವ್ವ?’ ಅಂದರು. ‘ಚೆನ್ನಾಗಾಯ್ತು’ ಅಂದೆ. ಇವತ್ತಿಗೂ ಅವರಿಗೆ ನಿಜ ಹೇಳಿಲ್ಲ. ಆಮೇಲೆ ಯಾವ ಟೀಮಿಗೂ ಹೆಸರು ಕೊಡಲಿಲ್ಲ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ‘ಹವ್ಯಾಸ ಏನು?’ ಅಂತ ಕೇಳಿದಾಗ ‘ಪುಸ್ತಕ ಓದೋದು’ ಅಂದೆ. ಎಲ್ಲರೂ ಹೇಳೋ ಸುಳ್ಳು.

ಎಕ್ಸ್‌ಪ್ರೆಸ್‌ವೇ ಆದಮೇಲೆ ಮದ್ದೂರು, ಮಂಡ್ಯ ಎರಡನ್ನೂ ಬೈಪಾಸಲ್ಲೇ ದಾಟಿ ಮೈಸೂರಿಗೆ ಹೋಗಿಬಿಡೋ ನಾನು, ಈ ಶನಿವಾರ ಎಷ್ಟೋ ವರ್ಷದ ಮೇಲೆ ಮಂಡ್ಯದೊಳಗೆ ಇಳಿದೆ. ಫೆಸ್ಟ್ ಥೇಟ್ ಹಾಗೇ ಇತ್ತು. ಮೂಕಾಭಿನಯ, ಏಕಪಾತ್ರಾಭಿನಯ, ಸಿನಿಮಾ ಹಾಡಿಗೆ ಡ್ಯಾನ್ಸು, ಗಿಟಾರ್ ಜೊತೆ ವಚನ (ಇದು ನಮ್ಮ ಕಾಲದಲ್ಲಿ ಇರಲಿಲ್ಲ, ಚೆನ್ನಾಗೇ ಇತ್ತು). ಭಾಷಣಗಳೂ ಹಾಗೇ. ನಾಲ್ಕೂವರೆಯ ಪೂಜಾ ಕುಣಿತ ಏಳಾದರೂ ಇಲ್ಲ.

ಹಿಂದುಗಡೆ ಹೋದೆ. ಪಾರ್ಕಿಂಗ್ ಮೂಲೆಯಲ್ಲಿ ಹುಡುಗರು ಹಳೇ ಪೇಪರ್ ಉರಿಸಿ ತಮಟೆ ಕಾಯಿಸ್ತಿದ್ದರು. ಬಿಸಿಗೆ ಚರ್ಮ ಬಿಗಿಯಾದರೇ ದನಿ ಏಳೋದು. ತಡವಾದಷ್ಟೂ ಸಡಿಲ, ಮತ್ತೆ ಬೆಂಕಿ. ಅದು ಮೂರನೇ ಸಲವಂತೆ. ಹುಡುಗಿಯರು ನಾಲ್ವರೂ ಮೊಬೈಲ್‌ನಲ್ಲಿ ಗಂಟೆ ನೋಡ್ತಿದ್ದರು. ಆ ನೋಟ ನನಗೆ ಗೊತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ. ಅದರಿಂದ ಎಷ್ಟು ಹುಡುಗಿಯರು ಕಾಲೇಜಿಗೆ ಬರೋ ಹಾಗಾಗಿದೆ ಅಂತ ಅಕ್ಕನ ಮನೆಯಲ್ಲೇ ನೋಡಿದ್ದೀನಿ. ಆದರೆ ನಮ್ಮೂರ ಕೊನೆ ಬಸ್ಸು ಈಗಲೂ ಏಳೂಕಾಲಿಗೇ.

‘ಬಸ್ಸು ಹೋದ್ರೆ ಹೋಗ್ಲಿ, ಕಾರಿದೆ’ ಅಂದೆ. ಅದರಲ್ಲೊಬ್ಬಳು ‘ನಮ್ಮಪ್ಪಂಗೆ ನೀವೇ ಹೇಳಿ ಅಕ್ಕ’ ಅಂತ ಫೋನ್ ಕೈಗಿಟ್ಟಳು. ಆ ಕಡೆಯಿಂದ ನನ್ನ ಊರು, ಅಪ್ಪನ ಹೆಸರು, ಕೆಲಸ ಎಲ್ಲ ವಿಚಾರಣೆ. ಕೊನೆಗೆ, ‘ನೀವೇ ಮನೆತಂಕ ಬಿಡ್ತೀರಾ ತಾನೇ?’ ಕಂಪನಿಯಲ್ಲಿ ಯಾವ ಕ್ಲೈಂಟ್ ಕಾಲ್‌ನಲ್ಲೂ ಅಷ್ಟು ಜವಾಬ್ದಾರಿಯಿಂದ ‘ಹೂಂ’ ಅಂದಿರಲಿಲ್ಲ.

ಎಂಟೂಮುಕ್ಕಾಲಿಗೆ ಸರದಿ ಬಂತು. ಅಷ್ಟೊತ್ತಿಗೆ ಅರ್ಧ ಸಭಾಂಗಣ ಖಾಲಿ. ತಮಟೆ ಬಿದ್ದಿದ್ದೇ ಕ್ಯಾಂಟೀನ್ ಕಡೆ ಹೋಗಿದ್ದವರೂ ಓಡಿಬಂದರು. ನಾಲ್ಕು ಪೂಜೆ, ನಾಲ್ಕು ಬಿಟ್ಟ ಕೈ. ನಮ್ಮ ಹುಡುಗಿ ಒಂದು ಸುತ್ತಲ್ಲಿ ಕೊಂಚ ವಾಲಿದಳು. ಕೂತಲ್ಲೇ ನನ್ನ ಕತ್ತು ಬಿಗಿಯಿತು. ಅವಳು ಸಾವರಿಸಿಕೊಂಡಳು. ವಿಡಿಯೋ ಮಾಡು ಅಂದಿದ್ದಳು, ಮರೆತೇಹೋಗಿತ್ತು. ಎರಡನೇ ಬಹುಮಾನ ಅಂತ ಆಮೇಲೆ ದಾರಿಯಲ್ಲಿ ಮೆಸೇಜ್ ಬಂತು.

ಒಬ್ಬಳನ್ನ ಮದ್ದೂರಲ್ಲಿ ಇಳಿಸಿ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿ ಕಡೆ ಹೊರಟೆವು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಓವರ್‌ಟೇಕ್ ಮಾಡೋಕೆ ಜಾಗವಿಲ್ಲ. ಹಿಂದಿನ ಸೀಟಲ್ಲಿ ಬಣ್ಣದ ಮುಖದಲ್ಲೇ ನಿದ್ದೆ. ಪ್ರತಿ ಊರ ಗೇಟಲ್ಲೂ ಒಬ್ಬೊಬ್ಬ ಅಪ್ಪ, ಕೈಯಲ್ಲಿ ಮೊಬೈಲ್ ಟಾರ್ಚು. ಒಬ್ಬರು ಟೀ ಕುಡಿದೇ ಹೋಗಬೇಕು ಅಂತ ಹಟ ಮಾಡಿದರು. ಹನ್ನೊಂದೂವರೆಗೆ ಟೀ ಕುಡಿದೆ.

ಇವತ್ತು ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ನಡುವೆ ಮತ್ತೆ ಮೆಸೇಜ್. ದಸರಾಗೆ ಮುಂಚೆ ಮೈಸೂರಿನ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತಲ್ಲ, ಅದಕ್ಕೆ ಇವರ ಕಾಲೇಜೂ ಹೆಸರು ಕೊಡುತ್ತಂತೆ. ಅಲ್ಲಿ ಕಾರ್ಯಕ್ರಮ ಶುರುವಾಗೋದೇ ಸಂಜೆ. ‘ಈ ಸಲ ಹುಡುಗೀರೇ ಹನ್ನೊಂದು ಜನ ಚಿಕ್ಕಮ್ಮ’ ಅಂತ ಬರೆದಿದ್ದಾಳೆ.

ಟಿ.ಟಿ. ಬಾಡಿಗೆ ಎಷ್ಟಾಗುತ್ತೆ ಅಂತ ವಿಚಾರಿಸ್ತಿದ್ದೀನಿ.