ಕಲ್ಲೊಳಗಿನ ಬೆಟ್ಟಸಾಲು

ವಿಜಯನಗರ, ಬಸವೇಶ್ವರನಗರದ ಕಡೆ ಹಳೆಯ ಮನೆ ಕೆಡವಿ ಪಾಯ ತೋಡುವುದನ್ನು ನಿಂತು ನೋಡಿದ್ದೀರಾ ಮಕ್ಕಳೇ? ಕೆಂಪು ಮಣ್ಣು ಮುಗಿದ ಮೇಲೆ ಬೂದುಬಣ್ಣದ ಬಂಡೆ ಸಿಗುತ್ತದೆ. ರಾಗಿ ಅಂಬಲಿಗೆ ಮಜ್ಜಿಗೆ ಹುಯ್ದು ಒಂದೇ ಸುತ್ತು ತಿರುಗಿಸಿದಂತೆ ಅದರಲ್ಲಿ ಕಪ್ಪು, ಬಿಳಿ ಪಟ್ಟೆಗಳು. ಇದರ ಹೆಸರು ನೈಸ್. ವಯಸ್ಸು ಸುಮಾರು 300 ಕೋಟಿ ವರ್ಷ. ಲಾಲ್‌ಬಾಗಿನ ಗುಡ್ಡವೂ ಇದೇ ಕಲ್ಲು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬವರು 1916ರಲ್ಲಿ ಇದನ್ನು ‘ಪೆನಿನ್ಸುಲರ್ ನೈಸ್’ ಎಂದು ಕರೆದರು.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಇಂಥ ಸೈಟುಗಳ ಮುಂದೆ ಚೀಲ ಹಿಡಿದು ನಿಲ್ಲುವುದು ನನ್ನ ಅಭ್ಯಾಸ. ಮೇಸ್ತ್ರಿಯನ್ನು ಕೇಳಿಯೇ ಚೂರು ಎತ್ತುತ್ತೇನೆ. ‘ತಗೊಳ್ಳಿ ಯಜಮಾನ್ರೇ, ನಮಗೆ ಲೋಡ್ ಕಡಿಮೆಯಾಗುತ್ತೆ’ ಎನ್ನುತ್ತಾರೆ. ತುರಹಳ್ಳಿ ಕಾಡಿನ ಬಂಡೆಗಳಲ್ಲಿ ಮಾತ್ರ ಪಟ್ಟೆ ನೋಡಿ ಬರಬೇಕು, ಎತ್ತಿಕೊಂಡು ಬರಬಾರದು.

ಆದರೆ ಚಿತ್ರದ ಕಲ್ಲೆಂದರೆ ಜಾಸ್ಪರ್. ಅಮೆರಿಕದ ಓರೆಗಾನ್‌ನಲ್ಲಿ ಸಿಗುವ ಜಾತಿಯನ್ನು ಕೊಯ್ದರೆ ಮರಳುಗಾಡು, ಗುಡ್ಡ, ಆಕಾಶವನ್ನು ಯಾರೋ ಬರೆದಿಟ್ಟಂತೆ ಕಾಣುತ್ತದೆ. ನಮ್ಮ ಸಂಡೂರಿನ ಬೆಟ್ಟಗಳಲ್ಲಿ ಕೆಂಪು ಜಾಸ್ಪರ್ ಕಬ್ಬಿಣದ ಅದಿರಿನ ಜೊತೆ ಪದರ ಪದರವಾಗಿದೆ. 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಪದರಗಳವು. ಕೆಂಪು ಬಣ್ಣ ಕಬ್ಬಿಣದ್ದು, ಗಟ್ಟಿತನ ಸಿಲಿಕಾದ್ದು. ಚಾಕುವಿನಿಂದ ಗೀರಿದರೂ ಗೀರು ಬೀಳದು.

ಬಳ್ಳಾರಿಯಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದ ಗೆಳೆಯರು ತೆಂಗಿನಕಾಯಿ ಗಾತ್ರದ ಇಂಥದೊಂದು ತುಂಡು ಕೊಟ್ಟಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ಕಲ್ಲು ಶೋಕೇಸಿನಲ್ಲೇ ಇತ್ತು. ‘ಒಳಗೇನಿದೆ ನೋಡೋಣ, ಕೊಯ್ಸು ತಾತ’ ಎಂದು ಮೊಮ್ಮಗಳ ಹಟ. ಕೊಯ್ದ ಕಲ್ಲು ಮತ್ತೆ ಕೂಡುತ್ತದೆಯೇ? ನನಗೆ ಮನಸ್ಸಿರಲಿಲ್ಲ.

ಬಕೆಟ್ಟಿನ ನೀರಿಗೆ ಅದ್ದಿ ತೋರಿಸಿದಳು. ಒದ್ದೆಯಾದರೆ ಕಲ್ಲು ಪಾಲಿಶ್ ಆದಂತೆ ಬಣ್ಣ ಬಿಡುತ್ತದೆ. ಒಂದು ಬದಿಯಲ್ಲಿ ಪದರಗಳು ಸೊಟ್ಟಗೆ ಮಡಚಿಕೊಂಡಿದ್ದವು. ಪದರದ ಉದ್ದಕ್ಕೆ ಕೊಯ್ದರೆ ಬರೀ ಒಂದೇ ಬಣ್ಣದ ಬಿಲ್ಲೆ; ಮಡಿಕೆಗೆ ಅಡ್ಡ ಕೊಯ್ದರೇ ಚಿತ್ರ. ಎಲ್ಲಿ ಕೊಯ್ಯಬೇಕೆಂದು ಮೂರು ದಿನ ವಾದ ಮಾಡಿ, ಕೊನೆಗೆ ಅವಳೇ ಪೆನ್ಸಿಲ್ಲಿನಿಂದ ಗೆರೆ ಎಳೆದಳು.

ಮಾಗಡಿ ರಸ್ತೆಯ ಗ್ರಾನೈಟ್ ಅಂಗಡಿಯವರು ವಜ್ರದ ಪುಡಿ ಕೂರಿಸಿದ ಬ್ಲೇಡಿನಲ್ಲಿ, ನೀರು ಹಾಯಿಸುತ್ತಾ ಕೊಯ್ದರು. ಒಣಗಲ್ಲು ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯ. ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ. ಎರಡು ಹೋಳು ಬಿಚ್ಚಿದಾಗ ಕೆಂಪು ಬೆಟ್ಟಗಳು ಒಂದರ ಹಿಂದೊಂದು, ಮೇಲೆ ಬೂದು ಮೋಡ! ನಂತರ 220ರಿಂದ 1000 ನಂಬರಿನವರೆಗೆ ವಾಟರ್ ಪೇಪರಿನಲ್ಲಿ ಒದ್ದೆ ಮಾಡಿ ಉಜ್ಜಿದ್ದು ಹದಿನೈದು ಸಂಜೆ. ನನ್ನ ಮೊಣಕೈಗೆ ಇನ್ನೂ ನೆನಪಿದೆ.

ಒಂದು ಹೋಳನ್ನು ಟವೆಲಿನಲ್ಲಿ ಸುತ್ತಿಕೊಂಡು ತಾತ, ಮೊಮ್ಮಗಳು ಮೆಟ್ರೊ ಹತ್ತಿ ಕೆಂಗೇರಿಗೆ ಹೋದೆವು. ಗೆಳೆಯರ ಮನೆಯವರು ಈಗ ಅಲ್ಲಿ ಮಗನ ಜೊತೆ ಇದ್ದಾರೆ. ಕನ್ನಡಕ ಹಾಕಿಕೊಂಡು, ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ನಮ್ಮ ಸಂಡೂರಿನ ಗುಡ್ಡ ಮಳೆಗಾಲದಾಗ ಹಿಂಗs ಕಾಣ್ತಿತ್ರೀ’ ಅಂದರು.