ಟಿಕಳಿ ಹಚ್ಚಿದ ಕಾರ್ಡು

2019ರ ಮೇ ತಿಂಗಳಲ್ಲಿ ಎರಡನೇ ಸಲ ಲಂಡನ್ನಿಗೆ ಹೊರಟಾಗ ನನ್ನ ಕೈಚೀಲದಲ್ಲಿ ಎರಡು ನೀಲಿ ಕಾರ್ಡುಗಳಿದ್ದವು. ಹೊರಟವನು ಮಾತ್ರ ನಾನೊಬ್ಬನೇ.

ಈ ಕಾರ್ಡಿಗೆ ಅಲ್ಲಿ ಆಯ್ಸ್ಟರ್ ಕಾರ್ಡ್ ಎನ್ನುತ್ತಾರೆ. ಆಯ್ಸ್ಟರ್ ಎಂದರೆ ಮುತ್ತು ಹುಟ್ಟುವ ಸಿಂಪಿ. 2003ರಿಂದ ಇದು ಬಳಕೆಯಲ್ಲಿದೆ. ಮೊದಲೇ ಹಣ ತುಂಬಿಸಿಟ್ಟುಕೊಂಡರೆ ರೈಲು, ಬಸ್ಸು ಎರಡಕ್ಕೂ ನಡೆಯುತ್ತದೆ. ನಿಲ್ದಾಣದ ಬಾಗಿಲಲ್ಲಿ ಹಳದಿ ಬಣ್ಣದ ದುಂಡನೆಯ ಗುರುತಿರುತ್ತದೆ. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ ಕಾರ್ಡನ್ನು ಅದಕ್ಕೆ ಮುಟ್ಟಿಸಬೇಕು. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಎಂದು ಲೆಕ್ಕ ಹಾಕಿ ಅದೇ ಹಣ ಕಳೆದುಕೊಳ್ಳುತ್ತದೆ. ಹೊರಗೆ ಬರುವಾಗ ಮುಟ್ಟಿಸಲು ಮರೆತಿರೋ, ಅತಿ ಹೆಚ್ಚಿನ ದರವನ್ನೇ ಮುರಿದುಕೊಳ್ಳುತ್ತದೆ. ಬಸ್ಸಿನಲ್ಲಿ ಮಾತ್ರ ಹತ್ತುವಾಗ ಒಂದೇ ಸಲ.

2017ರ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಮಗನ ಮನೆಗೆ ಹೋಗಿದ್ದೆವು. ಅವನು ಇರುವುದು ಲಂಡನ್ನಿನ ವಾಯವ್ಯಕ್ಕಿರುವ ಹ್ಯಾರೋ ಎಂಬಲ್ಲಿ. ತಲಾ 5 ಪೌಂಡ್ ಠೇವಣಿ ಕೊಟ್ಟು ಇಬ್ಬರಿಗೂ ಒಂದೊಂದು ಕಾರ್ಡು ಕೊಂಡೆವು. ಎರಡೂ ಒಂದೇ ತರಹ. ಯಾರದ್ದು ಯಾವುದೆಂದು ದಿನಾ ಗೊಂದಲ. ಮೂರನೆಯ ದಿನ ಆಕೆ ತನ್ನ ಡಬ್ಬಿಯಿಂದ ಕೆಂಪು ಟಿಕಳಿ ಒಂದನ್ನು ತೆಗೆದು ತನ್ನ ಕಾರ್ಡಿನ ಮೂಲೆಗೆ ಹಚ್ಚಿಬಿಟ್ಟಳು. ‘ಇನ್ನ ನಿಮ್ಮ ಲೆಕ್ಕ ನಿಮಗ, ನನ್ನ ಲೆಕ್ಕ ನನಗ’ ಎಂದಳು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದ ನನಗೆ ಆಡಿದ ಮಾತು ಅದು.

ಆಕೆಯ ತವರು ಬಸವನ ಬಾಗೇವಾಡಿ. ಬಸವಣ್ಣನವರು ಹುಟ್ಟಿದ ಊರು. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಗೆ ಬಸವಣ್ಣನವರ ಪ್ರತಿಮೆ ಇದೆ ಎಂದು ಕೇಳಿದಾಗಿನಿಂದ ಅದನ್ನು ನೋಡಬೇಕೆಂದು ಆಕೆಗೆ ಆಸೆ. ರಾಣಿಯ ಅರಮನೆ, ಗೋಪುರದ ಸೇತುವೆ ಇವೆಲ್ಲ ನೋಡಿದರೂ ಅದೊಂದು ಉಳಿದುಹೋಗಿತ್ತು. ಕೊನೆಯ ವಾರ ಹೋಗುವುದೆಂದು ನಿಶ್ಚಯಿಸಿದೆವು. ಕಾರ್ಡಿನಲ್ಲಿ 3 ಪೌಂಡ್ 60 ಪೆನ್ಸ್ ಇತ್ತು. ಹೋಗಿ ಬರಲು ಬೇಕಾಗುವುದು 6 ಪೌಂಡ್ 20. ಆಕೆ ತಾನೇ ಯಂತ್ರದ ಬಾಯಿಗೆ 5 ಪೌಂಡಿನ ನೋಟು ಕೊಟ್ಟು ತುಂಬಿಸಿಕೊಂಡಳು. ಮಾರನೆಯ ದಿನವೇ ಏಳು ವರ್ಷದ ಮೊಮ್ಮಗಳಿಗೆ ಜ್ವರ ಬಂತು. ಮೂರು ದಿನ ಆಕೆ ಹುಡುಗಿಯ ಹಾಸಿಗೆ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ನಮ್ಮ ವಿಮಾನ.

ಹೊರಡುವ ದಿನ ನಾನು, ‘ಕಾರ್ಡು ಕೊಟ್ಟು ಉಳಿದ ಹಣ ವಾಪಸು ತೊಗೊಳ್ಳೋಣ, ಠೇವಣಿನೂ ಬರ್ತೈತಿ’ ಎಂದೆ. ಆಕೆ, ‘ಇರ್ಲಿ ಬಿಡ್ರಿ, ಮುಂದಿನ ಸಲ ಬೇಕಾಗ್ತೈತಿ. ಅದು ಬಸವಣ್ಣನ ನೋಡಾಕ ಇಟ್ಟ ರೊಕ್ಕ’ ಎಂದಳು.

2018ರ ಜನವರಿಯಲ್ಲಿ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಧಾರವಾಡದ ಮನೆಯ ಕಪಾಟು ಖಾಲಿ ಮಾಡುವಾಗ ರೇಷ್ಮೆ ಸೀರೆಗಳ ನಡುವೆ ಒಂದು ಸಣ್ಣ ಚೀಲ ಸಿಕ್ಕಿತು. ಅದರಲ್ಲಿ ಟಿಕಳಿ ಹಚ್ಚಿದ ಆ ಕಾರ್ಡು, ಜೊತೆಗೆ ನಾಲ್ಕು ಪೌಂಡ್ ನಾಣ್ಯಗಳು.

ಹೀಗೆ ಎರಡು ಕಾರ್ಡು ಹಿಡಿದು ಮತ್ತೆ ಹ್ಯಾರೋಗೆ ಬಂದೆ. ಬಂದ ಎರಡನೆಯ ದಿನ ಹಾಲು ತರಲು ಅಂಗಡಿಗೆ ಹೋಗಿ ಆ ನಾಣ್ಯ ಕೊಟ್ಟೆ. ಅಂಗಡಿಯವನು ತಿರುಗಿಸಿ ನೋಡಿ ವಾಪಸು ಕೊಟ್ಟ. ದುಂಡನೆಯ ಪೌಂಡ್ ನಾಣ್ಯದ ಚಲಾವಣೆ 2017ರ ಅಕ್ಟೋಬರ್ 15ಕ್ಕೇ ಮುಗಿದಿತ್ತು. ಈಗ ನಡೆಯುವುದು ಹನ್ನೆರಡು ಮೂಲೆಯ ನಾಣ್ಯ. ನಮ್ಮಲ್ಲಿ 2016ರ ನವೆಂಬರಿನಲ್ಲಿ 500, 1000ದ ನೋಟು ರದ್ದಾದಾಗ ಹುಬ್ಬಳ್ಳಿಯಲ್ಲಿ ಎರಡು ತಾಸು ಸಾಲಿನಲ್ಲಿ ನಿಂತವನು ನಾನು. ಇಲ್ಲಿಯೂ ಬಿಡಲಿಲ್ಲವಲ್ಲ ಎಂದು ನಗು ಬಂತು. ಜೊತೆಗೇ ಒಂದು ಅಳುಕು. ನಾಣ್ಯವೇ ಸತ್ತಿದೆ ಎಂದ ಮೇಲೆ, ಎರಡು ವರ್ಷ ಮುಟ್ಟದ ಆ ಕಾರ್ಡಿನ ಗತಿಯೇನು?

ನನ್ನ ಅಳುಕಿಗೆ ಹಳೆಯ ಕಾರಣವೂ ಇತ್ತು. ಎಂಬತ್ತರ ದಶಕದಲ್ಲಿ ನಾನು ಒಂದು ತಾಲೂಕು ಊರಿನ ಶಾಖೆಯಲ್ಲಿದ್ದೆ. ಒಬ್ಬ ಮುದುಕಿ ತೀರಿಹೋದ ಗಂಡನ ಪಾಸ್‌ಬುಕ್ ಹಿಡಿದು ಬಂದಳು. ಖಾತೆಯಲ್ಲಿದ್ದದ್ದು 212 ರೂಪಾಯಿ. ವಾರಸುದಾರರ ನಾಮನಿರ್ದೇಶನ ಇರಲಿಲ್ಲ. ಮರಣದ ದಾಖಲೆ ತಾ ಎಂದೆ, ತಂದಳು. ಅದರಲ್ಲಿ ಹೆಸರು ಒಂದಕ್ಷರ ತಪ್ಪಿದೆ, ತಿದ್ದಿಸಿ ತಾ ಎಂದೆ, ತಂದಳು. ಸಾಕ್ಷಿಗೆ ಇಬ್ಬರನ್ನು ಕರೆದುಕೊಂಡು ಬಾ ಎಂದೆ. ಅಷ್ಟರಲ್ಲಿ ಆಕೆಗೆ ಬಸ್ಸಿಗೆ ಎಷ್ಟು ಖರ್ಚಾಗಿತ್ತೋ. ಆಮೇಲೆ ಬರಲಿಲ್ಲ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿಯೇ. ಆದರೆ ಆ ಖಾತೆಯನ್ನು ‘ವ್ಯವಹಾರವಿಲ್ಲದ ಖಾತೆಗಳು’ ಎಂಬ ಬೇರೆ ಲೆಡ್ಜರಿಗೆ ನನ್ನ ಕೈಯಿಂದಲೇ ಬರೆದೆ. ಆ ಪುಟ ಈಗಲೂ ಕಣ್ಣ ಮುಂದಿದೆ. ಇಂದು ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಹೋದರೂ ವಾರಸುದಾರರು ತಮ್ಮ ಬ್ಯಾಂಕಿಗೆ ಬಂದು ಕೇಳಿದರೆ ಸಿಗುತ್ತದೆ. ಹುಡುಕಲು ಉದ್ಗಮ್ ಎಂಬ ಜಾಲತಾಣವನ್ನೂ 2023ರಲ್ಲಿ ತೆರೆದಿದ್ದಾರೆ. ಮೊಮ್ಮಕ್ಕಳಿದ್ದವರು ಅಜ್ಜ ಅಜ್ಜಿಯರ ಹಳೆಯ ಪಾಸ್‌ಬುಕ್ಕುಗಳನ್ನು ಹಿಡಿದು ಒಮ್ಮೆ ಅದರಲ್ಲಿ ನೋಡಬಹುದು.

ಶನಿವಾರ ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು ಹ್ಯಾರೋ ಆನ್ ದ ಹಿಲ್ ನಿಲ್ದಾಣಕ್ಕೆ ಹೋದೆ. ಅವಳಿಗೆ ಆಗ ಒಂಬತ್ತು ವರ್ಷ. ಟಿಕಳಿಯ ಕಾರ್ಡನ್ನು ಯಂತ್ರದ ಹಳದಿ ಗುರುತಿಗೆ ಅವಳೇ ಮುಟ್ಟಿಸಿದಳು. ನಾನು ಕನ್ನಡಕ ಸರಿಮಾಡಿಕೊಳ್ಳುವುದರೊಳಗೆ ಓದಿ ಹೇಳಿದಳು:

‘ಅಜ್ಜಾ, ಎಂಟು ಪೌಂಡ್ ಅರವತ್ತು!’

ಒಂದು ಪೆನ್ಸೂ ಕಡಿಮೆಯಾಗಿರಲಿಲ್ಲ. ಈ ಕಾರ್ಡಿನಲ್ಲಿ ತುಂಬಿಸಿದ ಹಣಕ್ಕೆ ಅವಧಿ ಎಂಬುದಿಲ್ಲವೆಂದು ಪಕ್ಕದಲ್ಲಿ ನಿಂತಿದ್ದ ನಿಲ್ದಾಣದ ಸಿಬ್ಬಂದಿ ಹೇಳಿದ. ಕಾರ್ಡು ಯಾರ ಹೆಸರಿಗೂ ನೋಂದಣಿಯಾಗಿರಲಿಲ್ಲ. ಅಂಥ ಕಾರ್ಡನ್ನು ಮನೆಯವರು ಬಳಸಲು ಅಡ್ಡಿಯಿಲ್ಲ. ಒಂದು ಕಾರ್ಡಿನ ಮೇಲೆ ಒಂದು ಹೊತ್ತಿಗೆ ಒಬ್ಬರು ಮಾತ್ರ ಹೋಗಬೇಕು, ಅಷ್ಟೆ. ಮೊಮ್ಮಗಳಿಗೆ ಟಿಕೆಟ್ಟೇ ಬೇಡ. ಹನ್ನೊಂದು ತುಂಬದ ಮಕ್ಕಳು ದೊಡ್ಡವರ ಜೊತೆ ಭೂಗತ ರೈಲಿನಲ್ಲಿ ಪುಕ್ಕಟೆ. ಅಗಲವಾದ ಬಾಗಿಲಿನಿಂದ ನನ್ನ ಜೊತೆಗೇ ದಾಟಿದಳು. ಅಂದು ನಾನು ನನ್ನ ಕಾರ್ಡನ್ನು ಜೇಬಿನಿಂದ ತೆಗೆಯಲಿಲ್ಲ.

ಮಕ್ಕಳೇ, ಈ ಮೆಟ್ರೊಪಾಲಿಟನ್ ಮಾರ್ಗಕ್ಕೆ ಒಂದು ಹಿರಿತನವಿದೆ. ಜಗತ್ತಿನ ಮೊದಲ ಭೂಗತ ರೈಲು ಓಡಿದ್ದು 1863ರ ಜನವರಿ 10ರಂದು, ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್‌ಡನ್‌ವರೆಗೆ, ಈ ಮಾರ್ಗದ ಪೂರ್ವಜ ಕಂಪನಿಯಿಂದಲೇ. ಆಗ ವಿದ್ಯುತ್ತಿಲ್ಲ. ಸುರಂಗದೊಳಗೆ ಉಗಿಬಂಡಿ! ಹೊಗೆಯಲ್ಲಿ ಕೆಮ್ಮುತ್ತ ಕೂತಿದ್ದ ಜನರನ್ನು ಊಹಿಸಿಕೊಳ್ಳಿ. ಇನ್ನೊಂದು ತಮಾಷೆಯೆಂದರೆ, ಹೆಸರು ಭೂಗತವಾದರೂ ಈ ರೈಲುಜಾಲದ ಅರ್ಧಕ್ಕಿಂತ ಹೆಚ್ಚು ಹಳಿ ಇರುವುದು ನೆಲದ ಮೇಲೆಯೇ. ಹ್ಯಾರೋದಿಂದ ಬರುವಾಗ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ ಎಲ್ಲ ಕಾಣುತ್ತವೆ. ಫಿಂಚ್ಲಿ ರೋಡ್‌ನಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ನಿಂತರೆ ಬೂದು ಬಣ್ಣದ ಜ್ಯೂಬಿಲಿ ಮಾರ್ಗದ ಗಾಡಿ. ಸುರಂಗ ಶುರುವಾಗುವುದು ಅಲ್ಲಿಂದ ಮುಂದೆ. ಗ್ರೀನ್ ಪಾರ್ಕ್‌ನಲ್ಲಿ ಮತ್ತೆ ಬದಲಿಸಿ, ತಿಳಿನೀಲಿ ಬಣ್ಣದ ವಿಕ್ಟೋರಿಯ ಮಾರ್ಗದಲ್ಲಿ ಮೂರನೆಯ ನಿಲ್ದಾಣ ವಾಕ್ಸ್‌ಹಾಲ್.

ಹೊರಗೆ ಬಂದ ಕೂಡಲೇ ನದಿಯ ದಂಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ದೊಡ್ಡ ಕಟ್ಟಡ. ಬ್ರಿಟನ್ನಿನ ಗೂಢಚಾರ ಸಂಸ್ಥೆ ಎಂಐ6ರ ಕಚೇರಿ. ‘ಜೇಮ್ಸ್ ಬಾಂಡ್ ಆಫೀಸು’ ಎಂದು ಮೊಮ್ಮಗಳು ಕುಣಿದಳು. ಅದನ್ನು ದಾಟಿ ಥೇಮ್ಸ್ ನದಿಯನ್ನು ಎಡಕ್ಕಿಟ್ಟುಕೊಂಡು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ರಸ್ತೆಯಲ್ಲಿ ನಡೆದೆವು. ನನ್ನ ನಡಿಗೆಗೆ ಕಾಲು ತಾಸು ಹಿಡಿಯಿತು. ಅಲ್ಲಿನ ಪುಟ್ಟ ತೋಟದಲ್ಲಿ, ಮರಗಳ ನಡುವೆ, ನದಿಯ ಗಾಳಿಗೆ ನಿಂತಿದ್ದಾರೆ ನಮ್ಮ ಬಸವಣ್ಣನವರು.

2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಇದನ್ನು ಅನಾವರಣ ಮಾಡಿದರು. ಇದಕ್ಕಾಗಿ ಓಡಾಡಿದವರು ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್, ಇದೇ ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದವರು. ನದಿಯ ಆಚೆ ದಂಡೆಗೆ, ಸ್ವಲ್ಪ ಮುಂದೆ ಬ್ರಿಟನ್ನಿನ ಪಾರ್ಲಿಮೆಂಟ್ ಭವನವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಚಮ್ಮಾರ, ಅಂಬಿಗ, ಮಡಿವಾಳ ಎಲ್ಲರೂ, ಹೆಣ್ಣುಮಕ್ಕಳೂ ಸೇರಿ ಕೂತು ವಿಚಾರ ಮಾಡಿದ ಸಂಗತಿಯನ್ನು ನನಗೆ ತಿಳಿದಷ್ಟು ಹೇಳಿದೆ. ಆಕೆ ಇದ್ದಿದ್ದರೆ ಇನ್ನೂ ಚಂದ ಹೇಳುತ್ತಿದ್ದಳು. ಬಾಗೇವಾಡಿಯವರಿಗೆ ಬಸವಣ್ಣ ಓಣಿಯ ಹಿರಿಯನಿದ್ದಂತೆ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಜ್ಜಾ, ನನಗ ಜ್ವರ ಬಂದದ್ದಕ್ಕ ಅಜ್ಜಿ ಬರಲಿಲ್ಲೇನು?’ ಎಂದಳು.

ಯಾರು ಹೇಳಿದ್ದರೋ. ‘ಇಲ್ಲ ಯವ್ವಾ, ನಿನ್ನ ಬಾಜೂಕ ಕೂಡ್ರಬೇಕು ಅಂತ ಆಕಿಗೇ ಅನಿಸಿತ್ತು’ ಎಂದೆ. ಅವಳು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, ಟಿಕಳಿಯ ಬದಿಯನ್ನು ಪ್ರತಿಮೆಯ ಕಡೆಗೆ ಮಾಡಿ ಹಿಡಿದು ನಿಂತಳು. ದಾರಿಯಲ್ಲಿ ಓಡುತ್ತಿದ್ದ ಒಬ್ಬ ಬಿಳಿಯ ಯುವಕ ಏನೆಂದು ನೋಡಿ ಮುಂದೆ ಹೋದ.

ಮಧ್ಯಾಹ್ನ ಹ್ಯಾರೋದಲ್ಲಿ ಇಳಿದು ಕಾರ್ಡು ಮುಟ್ಟಿಸಿದಾಗ ಬಾಕಿ 2 ಪೌಂಡ್ 40 ತೋರಿಸಿತು. ಶನಿವಾರ ದಿನವಿಡೀ ಕಡಿಮೆ ದರವಾದ್ದರಿಂದ ಹೋಗುವಾಗ 3.10, ಬರುವಾಗ 3.10. ಲೆಕ್ಕ ಸರಿ.

ಉಳಿದ ಹಣ ಮರಳಿ ಪಡೆಯುವುದು ಹೇಗೆಂದು ನಿಲ್ದಾಣದ ಸಿಬ್ಬಂದಿಯೇ ತೋರಿಸಿಕೊಟ್ಟ. ಬಾಕಿ 10 ಪೌಂಡಿನೊಳಗಿದ್ದರೆ ಟಿಕೆಟ್ ಯಂತ್ರವೇ ಠೇವಣಿ ಸಮೇತ ಕೊಡುತ್ತದೆ. ಹೆಚ್ಚಿದ್ದರೆ ಫೋನು, ಅರ್ಜಿ ಎಲ್ಲ ಬೇಕು. ಕಾರ್ಡು ಮುಟ್ಟಿಸು, ಪರದೆಯ ಮೇಲೆ ಹಣ ವಾಪಸು ಎಂಬುದನ್ನು ಒತ್ತು, ಒಪ್ಪಿಗೆಗಾಗಿ ಮತ್ತೊಮ್ಮೆ ಮುಟ್ಟಿಸು. ಅಲ್ಲಿಗೆ ಆ ಕಾರ್ಡಿನ ಕೆಲಸ ಮುಗಿಯುತ್ತದೆ, ಮುಂದೆ ಅದು ಯಾವ ಬಾಗಿಲನ್ನೂ ತೆರೆಯುವುದಿಲ್ಲ.

ಎರಡನೆಯ ಸಲ ಮುಟ್ಟಿಸುವ ಮುಂಚೆ ನನ್ನ ಕೈ ನಿಂತಿತು. ಎಷ್ಟೋ ಜನರ ಖಾತೆ ಮುಚ್ಚಿದ್ದೇನೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಹಿಂದೆ ಇಬ್ಬರು ಕಾಯುತ್ತಿದ್ದರು. ‘ಅಜ್ಜಾ, ನಾ ಮಾಡ್ಲೇನು?’ ಎಂದಳು ಮೊಮ್ಮಗಳು. ‘ಮಾಡವ್ವಾ’ ಎಂದೆ.

ಖಣಖಣ ನಾಣ್ಯಗಳು ಬಿದ್ದವು. 2.40ಕ್ಕೆ 5 ಕೂಡಿ 7 ಪೌಂಡ್ 40 ಪೆನ್ಸ್. ಯಂತ್ರ ಹೆಸರು ಕೇಳಲಿಲ್ಲ, ಸಂಬಂಧ ಕೇಳಲಿಲ್ಲ, ಸಾಕ್ಷಿ ಬೇಡಲಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ. ನನಗೆ ಆ 212 ರೂಪಾಯಿಯ ಮುದುಕಿ ನೆನಪಾದಳು.

(ಲಂಡನ್ನಿಗೆ ಹೋಗುವ ಹಿರಿಯರಿಗೆ ಒಂದು ಮಾತು. ಈಗ ಹೊಸದಾಗಿ ಕಾರ್ಡು ಕೊಂಡರೆ ಕಾರ್ಡಿನ ಬೆಲೆ ಮರಳುವುದಿಲ್ಲ; ನಾವು ಕೊಟ್ಟದ್ದು ಹಳೆಯ ಠೇವಣಿಯಾದ್ದರಿಂದ ಬಂತು. ಇನ್ನು ಊರಿಗೆ ತಂದ ವಿದೇಶಿ ನಾಣ್ಯಗಳ ಬಗ್ಗೆ ಹೆದರಬೇಡಿ. ನೋಟು, ಪ್ರವಾಸದ ಕಾರ್ಡುಗಳಲ್ಲಿ 2000 ಡಾಲರಿನಷ್ಟು ಬೆಲೆಯವರೆಗೆ ಇಟ್ಟುಕೊಳ್ಳಬಹುದು, ಹೆಚ್ಚಿನದನ್ನು 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ನಾಣ್ಯಕ್ಕೆ ಮಿತಿಯೇ ಇಲ್ಲ.)

‘ಇದು ಅಜ್ಜಿ ರೊಕ್ಕ. ಅಜ್ಜಿ ಏನು ತೊಗೊತಿದ್ರು?’ ಎಂದು ಮೊಮ್ಮಗಳು ಕೇಳಿದಳು. ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲಿ ಗುಜರಾತಿಗಳ ತರಕಾರಿ ಅಂಗಡಿ ಇದೆ. ಅಲ್ಲಿ ಆಕೆ ದಿನ ಬಿಟ್ಟು ದಿನ ಮೆಂತ್ಯಪಲ್ಯೆ, ಕೊತ್ತಂಬರಿ, ಹಸಿಮೆಣಸಿನಕಾಯಿ ಕೊಳ್ಳುತ್ತಿದ್ದಳು; ಪ್ರತಿಸಲವೂ ಪೌಂಡನ್ನು ರೂಪಾಯಿಗೆ ಲೆಕ್ಕ ಹಾಕಿ ‘ಅಯ್ಯ ಶಿವನೆ’ ಎನ್ನುತ್ತಿದ್ದಳು. ಅವೇ ಮೂರನ್ನೂ ಕೊಂಡೆವು, ಜೊತೆಗೆ ಒಂದು ಡಜನ್ ಬಾಳೆಹಣ್ಣು. ಸಂಜೆ ಮಗ ಮೆಂತ್ಯಪಲ್ಯೆ ಹಾಕಿ ಝುಣಕ ಮಾಡಿದ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ.

ಊಟವಾದ ಮೇಲೆ ಮೊಮ್ಮಗಳು ಟಿಕಳಿಯ ಕಾರ್ಡನ್ನು ತನ್ನ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಳು. ಆಮೇಲೆ ನನ್ನ ಕಾರ್ಡಿನ ಕಡೆ ಕೈಚಾಚಿ, ‘ಅಜ್ಜಾ, ಇದರಾಗೂ ರೊಕ್ಕ ಉಳಿದೈತೇನು?’ ಎಂದಳು.

‘ಮೂರು ಪೌಂಡ್ ತೊಂಬತ್ತು ಐತಿ.’

‘ಹಂಗಾರ ಹೋಗೋ ಮುಂಚೆ ಅದನ್ನೂ ತೆಗಸೋಣು.’

‘ಇರ್ಲಿ ಬಿಡು, ಮುಂದಿನ ಸಲ ಬೇಕಾಗ್ತೈತಿ’ ಎಂದೆ.