ಮೊದಲು ಸೋಲುವುದು ಹಿಡಿತ

ಡೆಡ್‌ಲಿಫ್ಟ್ ಏರಿಸಬೇಕೆಂದು ಹಟ ತೊಟ್ಟ ಹೊಸೂರಿನ ಹುಡುಗರು ಒಮ್ಮೆ ರಾಯಕೋಟೆಯ ಟೊಮೆಟೊ ಮಂಡಿಯಲ್ಲಿ ಹಮಾಲಿಗಳು ಭಾರ ಎತ್ತುವುದನ್ನು ನೋಡಬೇಕು. ಪಳಗಿದ ಹಮಾಲಿ ತುಂಬಿದ ಕ್ರೇಟನ್ನು ಮೊದಲು ಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಳ್ಳುತ್ತಾನೆ. ಸೊಂಟ ಹಿಂದಕ್ಕೆ ಸರಿಯುತ್ತದೆ, ಬೆನ್ನು ನೆಟ್ಟಗೇ ಇರುತ್ತದೆ. ಉಸಿರು ಬಿಗಿಹಿಡಿದು ಎದ್ದು ನಿಲ್ಲುತ್ತಾನೆ. ತೋಳು ಬರೀ ಕೊಕ್ಕೆ. ದುಡಿಯುವುದು ತೊಡೆಯ ಹಿಂಭಾಗ ಮತ್ತು ಪೃಷ್ಠದ ಸ್ನಾಯುಗಳು.

ಜಿಮ್ಮಿನಲ್ಲೂ ಲೆಕ್ಕ ಅದೇ. ಬಾರ್ ಕಾಲಿನಿಂದ ದೂರ ಸರಿದಷ್ಟೂ ಕೆಳಬೆನ್ನಿಗೆ ಹೊರೆ ಜಾಸ್ತಿ.

ಎಷ್ಟೋ ಮಂದಿಗೆ ಮೊದಲು ಸೋಲುವುದು ಬೆನ್ನಲ್ಲ, ಬೆರಳು. 2016ರಲ್ಲಿ 500 ಕೆ.ಜಿ. ಎತ್ತಿದ ಬ್ರಿಟನ್ನಿನ ಎಡ್ಡಿ ಹಾಲ್ ಕೂಡ ಕೈಗೆ ಪಟ್ಟಿ ಸುತ್ತಿಕೊಂಡೇ ಎತ್ತಿದ್ದು. ಆದರೆ ಕಲಿಯುವವರು ಪಟ್ಟಿಯನ್ನು ಆದಷ್ಟು ದಿನ ದೂರ ಇಡುವುದೇ ಒಳ್ಳೆಯದು ಅನ್ನುತ್ತೇನೆ. ಹಿಡಿತ ಗಟ್ಟಿಯಾಗಲು, ಕೊನೆಯ ಸಲ ಎತ್ತಿದಾಗ ಬಾರನ್ನು ಹತ್ತು ಸೆಕೆಂಡ್ ಹಿಡಿದು ನಿಲ್ಲಿ. ಹಳೇ ಮೈಸೂರಿನ ಗರಡಿಗಳಲ್ಲಿ ಗುಂಡುಕಲ್ಲು ಎತ್ತುತ್ತಿದ್ದವರಿಗೆ ಹಿಡಿಯಲು ಸರಳೇ ಇರಲಿಲ್ಲ, ನುಣುಪಾದ ಕಲ್ಲನ್ನೇ ಅಪ್ಪಿ ಎತ್ತಬೇಕಿತ್ತು.

ಭಾರ ಏರಿಸಲು ಅವಸರ ಬೇಡ. ಒಂದು ಸಲಕ್ಕೆ 2.5 ಕೆ.ಜಿ. ಸಾಕು. ಜೊತೆಗೆ ರೊಮೇನಿಯನ್ ಡೆಡ್‌ಲಿಫ್ಟ್, ರೋಯಿಂಗ್ ಇರಲಿ. ಮುದ್ದೆಯ ಪಕ್ಕದಲ್ಲಿ ಹುರುಳಿಯೋ ಮೊಟ್ಟೆಯೋ ಇರಲೇಬೇಕು, ಬರೀ ರಾಗಿಯಿಂದ ಸ್ನಾಯುವಿಗೆ ಬೇಕಾದಷ್ಟು ಪ್ರೋಟೀನ್ ಸಿಗದು.

ಸಿಪ್ಕಾಟ್‌ನಲ್ಲಿ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಸೀದಾ ಜಿಮ್ಮಿಗೆ ಬರುವ ತಮ್ಮಂದಿರೇ, ಅವತ್ತು ಮಾತ್ರ ದೊಡ್ಡ ಭಾರಕ್ಕೆ ಕೈ ಹಾಕಬೇಡಿ. ಮನೆಗೆ ಹೋಗಿ ಮೊದಲು ನಿದ್ದೆ ಮಾಡಿ.